ಫ್ಲ್ಯಾಟಿನ ‘ಚದರ’ ಅಂದರೆ ಯಾವ ಅಳತೆ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ರಿಂಗ್ ರಸ್ತೆ ಆಸುಪಾಸಿನ ಐಷಾರಾಮಿ ಬಹುಮಹಡಿ ಕಟ್ಟಡಗಳಲ್ಲಿ ಅಕ್ಕ-ಭಾವನಿಗಾಗಿ ಮನೆ ನೋಡುತ್ತಿದ್ದೇನೆ. ತೋರಿಸುವವರು ‘ಇದು ಹದಿನೆಂಟು ಚದರ ಸರ್’ ಅನ್ನುತ್ತಾರೆ. ಇದು ಯಾವ ಚದರ ಅನ್ನೋದೇ ನನ್ನ ಪ್ರಶ್ನೆ.

ನಮ್ಮ ಕಡೆ ಒಂದು ಚದರ ಅಂದರೆ ಹತ್ತಡಿಗೆ ಹತ್ತಡಿ, 100 ಚದರ ಅಡಿ. ಅದರಲ್ಲಿ ಗೊಂದಲವಿಲ್ಲ. ಸ್ವಂತ ಮನೆ ಕಟ್ಟಿಸುವವರು ಮೇಸ್ತ್ರಿ ಹತ್ತಿರ ‘ಚದರಕ್ಕೆ ಎಷ್ಟಾಗುತ್ತೆ’ ಅಂತ ಕೇಳುವಾಗ ಸಾಮಾನ್ಯವಾಗಿ ಗೋಡೆಯೂ ಸೇರಿದ ಅಳತೆ, ಅದು ಇಬ್ಬರಿಗೂ ಗೊತ್ತಿರುತ್ತದೆ. ಫ್ಲ್ಯಾಟ್ ಮಾರುವವರ ಚದರದಲ್ಲಿ ಮಾತ್ರ ಮೆಟ್ಟಿಲು, ಲಿಫ್ಟ್, ಕಾರಿಡಾರ್, ಲಾಬಿ, ಕೆಲವು ಕಡೆ ಕ್ಲಬ್ ಹೌಸ್, ಇವುಗಳಲ್ಲಿ ನಮ್ಮ ಪಾಲು ಅಂತ ಹಂಚಿದ್ದೂ ಸೇರಿಕೊಂಡಿರುತ್ತದೆ. ಸೂಪರ್ ಬಿಲ್ಟಪ್ ಅನ್ನುವುದು ಇದನ್ನೇ. ಲಿಫ್ಟು, ಲಾಬಿ, ಕ್ಲಬ್ಬು ಜಾಸ್ತಿಯಾದಷ್ಟೂ ಈ ಪಾಲು ಬೆಳೆಯುತ್ತದೆ, ಹಾಗಾಗಿ ಹದಿನೆಂಟು ಅಂದದ್ದು ಒಳಗೆ ಅಳೆದರೆ ಹದಿಮೂರಕ್ಕೆ ಇಳಿದರೂ ಇಳಿಯಬಹುದು. ದುಡ್ಡು ಕೊಡುವವರಿಗೆ ಇದು ಸಣ್ಣ ವಿಷಯ ಅಲ್ಲ.

2016ರ ರೇರಾ ಕಾಯ್ದೆ, ಅಂದರೆ ರಿಯಲ್ ಎಸ್ಟೇಟ್ ವ್ಯವಹಾರ ನಿಯಂತ್ರಿಸುವ ಕಾನೂನು, ಕಾರ್ಪೆಟ್ ಏರಿಯಾ ಅಂದರೇನು ಅಂತ ಬಿಡಿಸಿ ಹೇಳಿದೆ. ಹೊರಗೋಡೆ, ಪೈಪು ಹೋಗುವ ಡಕ್ಟ್, ಆ ಮನೆಯವರಿಗೇ ಬಿಟ್ಟ ಬಾಲ್ಕನಿ ಮತ್ತು ತೆರೆದ ಟೆರೇಸ್ ಲೆಕ್ಕಕ್ಕಿಲ್ಲ. ಒಳಗಿನ ಅಡ್ಡಗೋಡೆ ಸೇರುತ್ತದೆ. ಯೋಜನೆ ನೋಂದಾಯಿಸುವಾಗ ಬಿಲ್ಡರ್ ಈ ಅಳತೆಯನ್ನೇ ಕೊಡಬೇಕು.

ಕಾನೂನಿನಲ್ಲಿ ಇಷ್ಟು ಸ್ಪಷ್ಟ ಇದ್ದರೂ ನಾನು ನೋಡಿದ ಕನ್ನಡ ಕರಪತ್ರಗಳಲ್ಲಿ ಕಾರ್ಪೆಟ್, ಬಿಲ್ಟಪ್ (ಗೋಡೆಯೂ ಸೇರಿದ್ದು), ಸೂಪರ್ ಬಿಲ್ಟಪ್ ಈ ಮೂರಕ್ಕೂ ಒಂದೇ ಮಾತು, ‘ವಿಸ್ತೀರ್ಣ’. ಒಂದರಲ್ಲಂತೂ ‘ರತ್ನಗಂಬಳಿ ಪ್ರದೇಶ’ ಅಂತ ಅಚ್ಚು ಹಾಕಿಸಿದ್ದರು. ಓದಿದವರಿಗೆ ಏನು ಅರ್ಥ ಆಗಬೇಕು ಹೇಳಿ? ಕಾರ್ಪೆಟ್ ಏರಿಯಾಗೆ ‘ಒಳ ಅಳತೆ’, ಬಿಲ್ಟಪ್‌ಗೆ ‘ಗೋಡೆ ಸೇರಿದ ಅಳತೆ’, ಸೂಪರ್ ಬಿಲ್ಟಪ್‌ಗೆ ‘ಪಾಲು ಸೇರಿದ ಅಳತೆ’ ಅಂದರೆ ಸಾಕು ಅನ್ನಿಸುತ್ತದೆ ನನಗೆ. ಹೊಸ ಸಂಸ್ಕೃತ ಪದ ಕಟ್ಟುವ ಅಗತ್ಯ ಕಾಣುತ್ತಿಲ್ಲ. ಫ್ಲ್ಯಾಟಿನ ವಿಷಯದಲ್ಲಿ ಬರೀ ‘ಚದರ’ ಅಂದಾಗ ಒಳ ಅಳತೆ ಅಂತಲೇ ಹಿಡಿಯಬೇಕು ಅನ್ನೋದು ನನ್ನ ವಾದ, ಏಕೆಂದರೆ ಮನೆ ನೋಡಲು ಬಂದವರು ಹಾಗೇ ಅಂದುಕೊಂಡಿರುತ್ತಾರೆ.

ಹಳ್ಳಿಮನೆಗಳ ‘ಅಂಕಣ’ವೂ ನೆನಪಾಗುತ್ತಿದೆ. ಕಂಬದಿಂದ ಕಂಬದ ನಡುವಿನ ಜಾಗ ಅದು, ಮೂರಂಕಣದ ಮನೆ, ಐದಂಕಣದ ಮನೆ ಅಂತಾರಲ್ಲ. ಅಂದರೆ ಒಳಗಿನ ಜಾಗವನ್ನೇ ಎಣಿಸುವ ರೂಢಿ ನಮ್ಮಲ್ಲಿ ಮೊದಲೇ ಇತ್ತು, ಅಲ್ವಾ?

ಮಂಡ್ಯ, ಮದ್ದೂರು ಕಡೆಯವರು ಅಂಕಣವನ್ನು ಈಗಲೂ ಅಳತೆಯಾಗಿ ಬಳಸುತ್ತೀರಾ? ಮಂಗಳೂರು, ಧಾರವಾಡದ ಕಡೆ ಬರೀ ‘ಚದರ’ ಅಂದರೆ 100 ಚದರ ಅಡಿ ಅಂತ ತಿಳಿಯುತ್ತದೆಯೇ? ಸೇಲ್ ಅಗ್ರಿಮೆಂಟನ್ನು ಕನ್ನಡದಲ್ಲಿ ಬರೆಯುವ ಪತ್ರ ಬರಹಗಾರರು ಯಾರಾದರೂ ಇದ್ದರೆ, ಕಾರ್ಪೆಟ್ ಏರಿಯಾಗೆ ನೀವು ಏನು ಬರೆಯುತ್ತೀರಿ ಅಂತ ದಯವಿಟ್ಟು ತಿಳಿಸಿ.