ಹಳೇ ಆಪ್ಟಿಪ್ಲೆಕ್ಸ್ ಸಣ್ಣ ಡಬ್ಬಕ್ಕೆ ಹೊಸ ಮದರ್‌ಬೋರ್ಡು, ಪ್ರೊಸೆಸರ್ ಕೂರುತ್ತಾ?

ಮಂಡ್ಯ_ಡಿಟಿಪಿ:

ಎಲ್ರಿಗೂ ನಮಸ್ಕಾರ. ಮಂಡ್ಯದಲ್ಲಿ ನಮ್ದೊಂದು ಡಿಟಿಪಿ ಅಂಗಡಿ ಐತೆ, ಲಗ್ನಪತ್ರಿಕೆ, ಕರಪತ್ರ, ಕೋರ್ಟಿನ ಟೈಪಿಂಗು, ಆನ್‌ಲೈನ್ ಅರ್ಜಿ ಎಲ್ಲಾ ಮಾಡ್ತೀವಿ. ಸಿಸ್ಟಮ್ಮು ಡೆಲ್ ಆಪ್ಟಿಪ್ಲೆಕ್ಸ್ 3020, ದೊಡ್ಡ ಟವರ್ ಅಲ್ಲ, ಅಡ್ಡ ಮಲಗಿಸಿ ಮೇಲೆ ಮಾನಿಟರ್ ಇಡ್ತಾರಲ್ಲ ಆ ಸಣ್ಣ ಡಬ್ಬ. ಐ3-4130 ಪ್ರೊಸೆಸರ್ರು, 4 ಜಿಬಿ ರ‍್ಯಾಮು, 500 ಜಿಬಿ ಹಾರ್ಡ್‌ಡಿಸ್ಕು, ವಿಂಡೋಸ್ 10. ಸೆಕೆಂಡ್‌ಹ್ಯಾಂಡಲ್ಲಿ ತಗೊಂಡಿದ್ದು, ಇಷ್ಟ್ ವರ್ಷ ಚೆನ್ನಾಗೇ ದುಡೀತು. ಈಗ ಕೋರಲ್‌ಡ್ರಾದಲ್ಲಿ ಫೋಟೋ ಇರೋ ಪತ್ರಿಕೆ ಒಂದು ಓಪನ್ ಮಾಡಿ ಪಕ್ಕದಲ್ಲಿ ಬ್ರೌಸರ್ ತೆಗುದ್ರೆ ಸಾಕು ಮೌಸೇ ನಿಂತೋಯ್ತದೆ, ಗಿರಾಕಿ ಎದುರ್ಗೆ ಕೂತಿರ್ತಾರೆ, ನಾವು ಸುತ್ತೋ ಚಕ್ರ ನೋಡ್ಕೊಂಡು ಕೂರ್ಬೇಕು.

ಇಲ್ಲೊಬ್ರು ಅಂಗಡಿಯವ್ರು "ಇದೇ ಕ್ಯಾಬಿನೆಟ್ಟು, ಇದೇ ಪವರ್ ಸಪ್ಲೈ ಇರ್ಲಿ, ಒಳಗೆ ಎಚ್610 ಅನ್ನೋ ಹೊಸ ಮದರ್‌ಬೋರ್ಡು, 12ನೇ ಜನರೇಶನ್ ಐ3 ಹಾಕ್ಕೊಡ್ತೀನಿ" ಅಂತವ್ರೆ. ನಮ್ಮೆಜಮಾನ್ರು ಹೂಂ ಅಂದ್ಬುಟ್ಟವ್ರೆ. ನನಗ್ಯಾಕೋ ಅನುಮಾನ, ಈ ಡಬ್ಬದ ಒಳಗಡೆ ಎಲ್ಲಾ ಬೇರೆ ಥರನೇ ಕಾಣ್ತದೆ. ಆಷಾಢದಲ್ಲಿ ಕೆಲ್ಸ ಕಮ್ಮಿ, ಶ್ರಾವಣ ಬಂದ್ರೆ ಪತ್ರಿಕೆ ಶುರುವಾಯ್ತದೆ, ಅಷ್ಟರೊಳಗೆ ಏನಾದ್ರೂ ಮಾಡ್ಬೇಕು. ಟೇಬಲ್ ಮೇಲೆ ಜಾಗ ಇಲ್ಲ, ದೊಡ್ಡ ಕ್ಯಾಬಿನೆಟ್ ಇಡಕ್ಕಾಗಲ್ಲ. ಕನ್ನಡ ಟೈಪಿಂಗಿನ ನುಡಿ, ಪುಟ ಜೋಡಿಸೋ ಪೇಜ್‌ಮೇಕರ್ 7, ಹಳೇ ಫೈಲು ಎಲ್ಲಾ ಇದ್ರಲ್ಲೇ ಐತೆ. ಗೊತ್ತಿರೋರು ಹೇಳಿ.

ಮೈಸೂರ್_ಸರ್ವಿಸ್:

ಅಕ್ಕ, ನಿಮ್ಮ ಅನುಮಾನ ಸರಿಯಾಗಿದೆ, ದಯವಿಟ್ಟು ಅಡ್ವಾನ್ಸ್ ಕೊಡ್ಬೇಡಿ. ನಾನು ಮೈಸೂರಲ್ಲಿ ಇದೇ ಕೆಲ್ಸ ಮಾಡೋದು, ಈ 3020, 7020, 9020 ಡಬ್ಬಗಳು ಆಫೀಸುಗಳಿಂದ ರಾಶಿ ಬರ್ತವೆ.

ಮೊದಲ್ನೇದು ಕರೆಂಟು. ಮಾಮೂಲಿ ಬೋರ್ಡಿಗೆ 24 ಪಿನ್ನಿನ ಕನೆಕ್ಟರ್ ಬೇಕು, ಅದ್ರಲ್ಲಿ 12 ವೋಲ್ಟು, 5 ವೋಲ್ಟು, 3.3 ವೋಲ್ಟು ಮೂರೂ ಬರುತ್ತೆ. ನಿಮ್ಮ ಡಬ್ಬದ ಪವರ್ ಸಪ್ಲೈಯಿಂದ ಬರೋದು 8 ಪಿನ್ನು, ಅದು 12 ವೋಲ್ಟ್ ಕೊಡುತ್ತೆ, ಮಿಕ್ಕಿದ್ದನ್ನ ಡೆಲ್ ಬೋರ್ಡೇ ಒಳಗೆ ಮಾಡ್ಕೊಳುತ್ತೆ. ಹಾರ್ಡ್‌ಡಿಸ್ಕಿನ ಪವರ್ ವೈರು ಎಲ್ಲಿಂದ ಬಂದಿದೆ ಅಂತ ಮುಚ್ಚಳ ತೆಗೆದು ನೋಡಿ, ಸಪ್ಲೈಯಿಂದ ಅಲ್ಲ, ಬೋರ್ಡಿಂದಾನೇ ಬಂದಿರುತ್ತೆ. ಅಂದ್ರೆ ಬೋರ್ಡ್ ತೆಗೆದ್ರೆ ಸಪ್ಲೈಯೂ ಹೋಯ್ತು, ಡಿಸ್ಕಿಗೆ ಕರೆಂಟೂ ಹೋಯ್ತು. ಆನ್‌ಲೈನಲ್ಲಿ ಸಿಗೋ 24 ರಿಂದ 8ರ ಕೇಬಲ್ ಇದಕ್ಕೆ ಉಲ್ಟಾ ಕೆಲಸದ್ದು, ಮಾಮೂಲಿ ಸಪ್ಲೈನ ಡೆಲ್ ಬೋರ್ಡಿಗೆ ಕೊಡೋದು. ಅದನ್ನ ತೋರ್ಸಿ ಆಗುತ್ತೆ ಅಂದ್ರೆ ನಂಬ್ಬೇಡಿ. ಮಾಮೂಲಿ ಸೈಜಿನ ಸಪ್ಲೈ ಹಾಕೋಣ ಅಂದ್ರೆ ಡಬ್ಬ ಇರೋದೇ 9 ಸೆಂಟಿಮೀಟರ್ ಚಿಲ್ಲರೆ ದಪ್ಪ, ಎಲ್ಲಿ ಕೂರಿಸ್ತಾರೆ.

ಆಮೇಲೆ ಜಾಗ. ಹೊಸ ಮೈಕ್ರೋ ಎಟಿಎಕ್ಸ್ ಬೋರ್ಡು 24.4 ಸೆಂಟಿಮೀಟರ್ ಚೌಕದವರೆಗೂ ಇರುತ್ತೆ, ಸ್ಕ್ರೂ ತೂತೂ ಸರಿಯಾಗಿ ಹೊಂದಲ್ಲ. ಅದಕ್ಕಿಂತ ಸಣ್ಣ ಬೋರ್ಡು ಮಿನಿ ಐಟಿಎಕ್ಸ್ 17 ಸೆಂಟಿಮೀಟರ್ ಚೌಕ, ಅಳತೆಗೆ ಹಿಡಿಸ್ಬೋದು ಆದ್ರೆ ಹಿಂದ್ಗಡೆ ಯುಎಸ್‌ಬಿ, ಡಿಸ್‌ಪ್ಲೇ ಬರೋ ಕಿಂಡಿಗಳು ಡಬ್ಬದ ತಗಡಲ್ಲೇ ಕತ್ತರಿಸಿರೋದು, ಹೊಸ ಬೋರ್ಡಿಗೆ ಆ ತಗಡು ಕೊರೀಬೇಕು. ಮುಂದ್ಗಡೆ ಪವರ್ ಬಟನ್ನಿನ ವೈರೂ ಡೆಲ್‌ದೇ ಬೇರೆ. ಇಷ್ಟೆಲ್ಲಾ ಕೊರೆದು ಕತ್ತರಿಸಿ ಶ್ರಾವಣದಲ್ಲಿ ಏನಾದ್ರೂ ಕೈ ಕೊಟ್ರೆ ಬೇರೆ ಮೆಕ್ಯಾನಿಕ್ಕು ಮುಟ್ಟೋದೂ ಇಲ್ಲ.

ಇನ್ನೊಂದು, ಬೋರ್ಡ್ ಬದ್ಲಾದ್ರೆ ಅದ್ರ ಜೊತೆ ಬಂದಿರೋ ವಿಂಡೋಸ್ ಲೈಸೆನ್ಸೂ ಹೋಗುತ್ತೆ, ಅದು ಬೋರ್ಡಿಗೇ ಅಂಟಿರೋದು. ನಿಮ್ಮ ಡಿಡಿಆರ್3 ರ‍್ಯಾಮೂ ಹೊಸದಕ್ಕೆ ಬರಲ್ಲ.

ಒಂದ್ ಕೆಲ್ಸ ಮಾಡಿ. ಸಿಸ್ಟಮ್ ನಿಂತಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೀರಿ. ಸಿಪಿಯು, ಮೆಮೊರಿ, ಡಿಸ್ಕ್ ಮೂರ್ರಲ್ಲಿ ಯಾವ್ದು ಎಷ್ಟು ಪರ್ಸೆಂಟ್ ಇದೆ ಅಂತ ಇಲ್ಲಿ ಹಾಕಿ.

ಮದ್ದೂರು_ಟೆಕ್:

ಮೇಲಿನವ್ರು ಹೇಳಿದ್ದು ಪೂರ್ತಿ ಸರಿ, ಆದ್ರೆ ನನ್ ಕೇಳಿದ್ರೆ ಈ ಡಬ್ಬಕ್ಕೆ ಇನ್ನು ದುಡ್ಡೇ ಹಾಕ್ಬಾರ್ದು ಕಣಕ್ಕ. ವಿಂಡೋಸ್ 10ಗೆ ಮೈಕ್ರೋಸಾಫ್ಟ್ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ನಿಂತೋಗೈತೆ. ವಿಂಡೋಸ್ 11ಗೆ ಇಂಟೆಲ್ ಆದ್ರೆ 8ನೇ ಜನರೇಶನ್ ಬೇಕು, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ಪೂ ಬೇಕು, ನಿಮ್ದು 4ನೇದು. ನೀವು ಗಿರಾಕಿಗಳ ಆಧಾರು, ಬ್ಯಾಂಕ್ ವಿವರ ಎಲ್ಲಾ ಅದ್ರಲ್ಲಿ ಹಾಕೋದಲ್ವಾ, ಅದು ಸಣ್ಣ ವಿಷ್ಯ ಅಲ್ಲ. ಇದೇ ಆಪ್ಟಿಪ್ಲೆಕ್ಸಲ್ಲೇ 3060, 5060, 7060 ಅಂತ 2018ರಲ್ಲಿ ಬಂದ ಮಾಡೆಲ್‌ಗಳವೆ, ಇದೇ ಥರ ಸಣ್ಣ ಡಬ್ಬದಲ್ಲೂ ಸಿಗ್ತವೆ, ಐ5-8500 ಹಾಕಿರೋದಾದ್ರೆ 6 ಕೋರು. ಬೆಂಗಳೂರು ಎಸ್‌ಪಿ ರೋಡಲ್ಲಿ ಆಫೀಸಿಂದ ಬಂದ ಪೀಸು ಸಿಗ್ತದೆ, ಬೆಳಿಗ್ಗೆ ಟ್ರೇನ್ ಹತ್ತಿ ಹೋಗಿ ಅಲ್ಲೇ ಆನ್ ಮಾಡ್ಸಿ ನೋಡಿ ತನ್ನಿ. ಬಿಲ್ಲು, ವಾರಂಟಿ ಬರ್ಸ್ಕೊಳಿ.

ಮಂಡ್ಯ_ಡಿಟಿಪಿ:

ಇಬ್ರಿಗೂ ತುಂಬಾ ಥ್ಯಾಂಕ್ಸ್. ಮುಚ್ಚಳ ತೆಗ್ದು ನೋಡ್ದೆ, ಹಾರ್ಡ್‌ಡಿಸ್ಕ್ ವೈರು ನೀವು ಹೇಳ್ದಂಗೆ ಬೋರ್ಡಿಂದಾನೇ ಬಂದೈತೆ. ನಮ್ಮೆಜಮಾನ್ರಿಗೂ ತೋರಿಸ್ದೆ, ಬೋರ್ಡ್ ಬದ್ಲಾಯ್ಸೋ ವಿಚಾರ ಅಲ್ಲಿಗೆ ಬಿಟ್ರು.

ಟಾಸ್ಕ್ ಮ್ಯಾನೇಜರಲ್ಲಿ ನಿಂತೋದಾಗ ಡಿಸ್ಕ್ 100 ಅಂತ ಕೆಂಪಗೆ ಬತ್ತದೆ, ಮೆಮೊರಿ 90ರ ಮೇಲೆ, ಸಿಪಿಯು ಮಾತ್ರ 30, 40ರಲ್ಲೇ ಆಡ್ತದೆ. 8ನೇ ಜನರೇಶನ್ ತಗೊಳೋ ಆಸೆ ಐತೆ ಆದ್ರೆ ಈಗ್ಲೇ ಅಷ್ಟು ದುಡ್ಡಿಲ್ಲ, ಮಕ್ಕಳ ಫೀಸು ಈಗಷ್ಟೇ ಕಟ್ಟಿದ್ದು. ಈ ಬೋರ್ಡಲ್ಲೇ ಪ್ರೊಸೆಸರ್ ಒಂದನ್ನೇ ದೊಡ್ಡದು ಹಾಕ್ಬೋದಾ?

ಮೈಸೂರ್_ಸರ್ವಿಸ್:

ಹಾಕ್ಬೋದು, ಆದ್ರೆ ನಿಮ್ಮ ನಂಬರ್ ನೋಡಿದ್ರೆ ಪ್ರೊಸೆಸರ್ ಕೊನೇ ಮಾತು. ರ‍್ಯಾಮ್ ತುಂಬಿ ವಿಂಡೋಸು ಹಾರ್ಡ್‌ಡಿಸ್ಕಿಗೆ ಬರೆಯೋಕೆ ಶುರು ಮಾಡುತ್ತೆ, ಡಿಸ್ಕು ಮೊದಲೇ ನಿಧಾನ, ಅಲ್ಲಿಗೆ ಎಲ್ಲಾ ನಿಲ್ಲುತ್ತೆ. ಐ7 ಹಾಕಿದ್ರೂ ಆ ಚಕ್ರ ಸುತ್ತೋದು ತಪ್ಪಲ್ಲ. ಮೊದ್ಲು ಸಾಟಾ ಎಸ್‌ಎಸ್‌ಡಿ ಹಾಕಿ, ಅಂದ್ರೆ ಹಾರ್ಡ್‌ಡಿಸ್ಕಿನ ವೈರಿಗೇ ಸಿಕ್ಕಿಸೋ, ಒಳಗೆ ತಿರುಗೋ ಭಾಗ ಇಲ್ಲದ ಡಿಸ್ಕು, ಒಳ್ಳೆ ಹಾರ್ಡ್‌ಡಿಸ್ಕೇ ಸೆಕೆಂಡಿಗೆ ನೂರು, ನೂರೈವತ್ತು ಎಂಬಿ ಓದಿದ್ರೆ ಇದು ಐನೂರರ ಹತ್ರ ಓದುತ್ತೆ, ಸಣ್ಣ ಸಣ್ಣ ಫೈಲಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ಬೋರ್ಡಿಗೇ ನೇರ ಸಿಕ್ಕಿಸೋ ಎಂ.2 ಎಸ್‌ಎಸ್‌ಡಿಗೆ ಈ ಬೋರ್ಡಲ್ಲಿ ಸ್ಲಾಟ್ ಇಲ್ಲ, ಅದನ್ನ ತರಬೇಡಿ. ಜೊತೆಗೆ ಡಿಡಿಆರ್3 1600 ರ‍್ಯಾಮು, ಸ್ಲಾಟ್ ಎರಡೇ ಇರೋದು, 8ರದ್ದು ಎರಡು ಹಾಕಿದ್ರೆ 16, ಅದೇ ಲಾಸ್ಟು. ಕಮ್ಮಿ ರೇಟಿಗೆ ಸರ್ವರ್ ರ‍್ಯಾಮ್ ಮಾರ್ತಾರೆ, ಅದು ಇದ್ರಲ್ಲಿ ಓಡಲ್ಲ. ಲ್ಯಾಪ್‌ಟಾಪಿನ ಗಿಡ್ಡ ರ‍್ಯಾಮೂ ಕೂರಲ್ಲ.

ಅದಾದ್ಮೇಲೂ ಸಾಲದು ಅನ್ಸಿದ್ರೆ ಪ್ರೊಸೆಸರ್ ನೋಡಿ. ಸಾಕೆಟ್ಟು ಎಲ್‌ಜಿಎ 1150, ಐ5-4570 ಸಾಕು, 4 ಕೋರು. ನಿಮ್ಮ ಐ3 54 ವ್ಯಾಟು, ಅದು 84 ವ್ಯಾಟು, ಇಷ್ಟು ಸಣ್ಣ ಡಬ್ಬದಲ್ಲಿ ಬಿಸಿ ಜಾಸ್ತಿ ಆಗುತ್ತೆ, ಅದಕ್ಕೆ ನಾನು 65 ವ್ಯಾಟಿನ ಐ5-4570ಎಸ್ ಸಿಕ್ರೆ ಅದನ್ನೇ ಹಾಕೋದು. ಆದ್ರೆ ನಂಬರ್ ಕೊನೇಲಿ ಟಿ ಇದ್ರೆ ಬೇಡ, 4570ಟಿ ಅನ್ನೋದ್ರಲ್ಲಿ ಇರೋದು ಎರಡೇ ಕೋರು, ಹೆಸ್ರಿಗೆ ಐ5. ಹಾಕೋಕೆ ಮುಂಚೆ ಹಳೇ ಪ್ರೊಸೆಸರ್ ಇರುವಾಗ್ಲೇ ಬಯೋಸ್, ಅಂದ್ರೆ ಬೋರ್ಡಿನ ಒಳಗಿರೋ ಸಾಫ್ಟ್‌ವೇರು, ಅಪ್‌ಡೇಟ್ ಮಾಡಿ, ಯುಪಿಎಸ್ ಇಲ್ದೆ ಮಾಡ್ಬೇಡಿ, ಮಧ್ಯ ಕರೆಂಟ್ ಹೋದ್ರೆ ಬೋರ್ಡೇ ಸತ್ತೋಗುತ್ತೆ. ಸಾಕೆಟ್ಟಿನ ಪಿನ್ನು ತುಂಬಾ ನಾಜೂಕು, ಬೆರಳು ತಾಕಿಸ್ಬಾರ್ದು. ಪ್ರೊಸೆಸರ್ ಮೇಲೆ ಬಿಸಿ ಎಳೆಯೋಕೆ ಕೂರಿಸಿರೋ ಹೀಟ್‌ಸಿಂಕ್ ತೆಗ್ದಾಗ ಒಣಗಿರೋ ಪೇಸ್ಟ್ ಒರೆಸಿ ಹೊಸದು ಹಾಕಿ, ಫ್ಯಾನಿನ ಧೂಳೂ ತೆಗೀರಿ. ಹಾಗೇ ಬೋರ್ಡಿನ ಮೇಲಿರೋ ಬಿಲ್ಲೆ ಥರದ ಸಿಆರ್2032 ಸೆಲ್ಲೂ ಬದ್ಲಾಯಿಸ್ಬಿಡಿ.

ಮದ್ದೂರು_ಟೆಕ್:

ದುಡ್ಡಿನ ವಿಷ್ಯ ಅಂದ್ರೆ ಒಪ್ಕೊಂಡೆ ಅಕ್ಕ. ಆದ್ರೆ ಎಸ್‌ಎಸ್‌ಡಿ ಮಾತ್ರ ಒಳ್ಳೇದೇ ತನ್ನಿ, ಅದು ಮುಂದೆ ತಗೊಳೋ ಸಿಸ್ಟಮ್ಮಿಗೂ ಬತ್ತದೆ. ರ‍್ಯಾಮ್ ಬರಲ್ಲ, ಅದಕ್ಕೆ ಅದನ್ನ ಸೆಕೆಂಡ್‌ಹ್ಯಾಂಡಲ್ಲೇ ತಗೊಳಿ. ಮತ್ತೆ ವಿಂಡೋಸ್ ಅಪ್‌ಡೇಟ್ ಪೇಜಲ್ಲಿ ಇಎಸ್‌ಯು ಅಂತ, ಅಂದ್ರೆ ಸಪೋರ್ಟ್ ನಿಂತ್ಮೇಲೂ ಸೆಕ್ಯುರಿಟಿ ಅಪ್‌ಡೇಟ್ ಕೊಡೋ ಸ್ಕೀಮು, ಎನ್ರೋಲ್ ಮಾಡೋ ಆಪ್ಷನ್ ಬತ್ತದೆ, ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಸೆಟ್ಟಿಂಗ್ ಸಿಂಕ್ ಮಾಡುದ್ರೆ ದುಡ್ಡಿಲ್ಲ, 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗ್ತದೆ. ಇವತ್ತೇ ಮಾಡಿ.

ಅಕ್ಷರ_ಮೈಸೂರು:

ನಾನೂ ಡಿಟಿಪಿಯವಳೇ, ಒಂದು ಮಾತು ಸೇರಿಸ್ತೀನಿ. ಎಸ್‌ಎಸ್‌ಡಿ ಹಾಕೋವಾಗ ಅಂಗಡಿಯವ್ರು ಫ್ರೆಶ್ ವಿಂಡೋಸ್ ಹಾಕ್ತೀವಿ ಅಂತಾರೆ, ನಮ್ಮಂಥೋರು ಒಪ್ಕೋಬಾರ್ದು. ಹಳೇ ನುಡಿ ಫಾಂಟಲ್ಲಿ ಮಾಡಿರೋ ಫೈಲು ಯುನಿಕೋಡ್ ಅಲ್ಲ, ಆ ಫಾಂಟೇ ಇಲ್ದಿದ್ರೆ ಓಪನ್ ಮಾಡಿದಾಗ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತೆ, ಎಷ್ಟೋ ವರ್ಷದ ಪತ್ರಿಕೆ ಮ್ಯಾಟರ್ ಎಲ್ಲಾ ಓದೋಕಾಗ್ದೆ ಹೋಗುತ್ತೆ. ಪೇಜ್‌ಮೇಕರ್ ಸಿಡಿ, ಪ್ರಿಂಟರ್ ಡ್ರೈವರು ಈಗ ಎಲ್ಲಿ ಹುಡುಕ್ತೀರ. ಕ್ಲೋನ್ ಮಾಡ್ಕೊಡಿ ಅಂತ ಕೇಳಿ, ಅಂದ್ರೆ ಇರೋದು ಇದ್ದ ಹಾಗೇ ಹೊಸ ಡಿಸ್ಕಿಗೆ ಹೋಗುತ್ತೆ. ಅದಕ್ಕೆ ಮುಂಚೆ ಫಾಂಟ್ಸ್ ಫೋಲ್ಡರನ್ನೂ ಗಿರಾಕಿ ಫೈಲುಗಳನ್ನೂ ಪೆನ್‌ಡ್ರೈವಿಗೆ ಕಾಪಿ ಮಾಡಿಟ್ಕೊಳಿ.

ಮಂಡ್ಯ_ಡಿಟಿಪಿ:

ಇದನ್ನ ಯಾರೂ ಹೇಳಿರ್ಲಿಲ್ಲ ಅಕ್ಕ, ತುಂಬಾ ಉಪಕಾರ ಆಯ್ತು. ನಮ್ ಡಿಸ್ಕಲ್ಲಿ 210 ಜಿಬಿ ತುಂಬೈತೆ, 256ರ ಎಸ್‌ಎಸ್‌ಡಿ ಸಾಕಾ? ಕ್ಲೋನ್ ಆದ್ಮೇಲೆ ಹಳೇ ಡಿಸ್ಕನ್ನ ಅದ್ರಲ್ಲೇ ಇಟ್ಕೋಬೋದಾ?

ಮೈಸೂರ್_ಸರ್ವಿಸ್:

256 ಹಿಡಿಯುತ್ತೆ ಆದ್ರೆ ಉಸಿರಾಡೋಕೆ ಜಾಗ ಇರಲ್ಲ, 512 ಅಥವಾ 480ರದ್ದು ತಗೊಳಿ. ಎಸ್‌ಎಸ್‌ಡಿನ ಯುಎಸ್‌ಬಿ ಕೇಬಲಲ್ಲಿ ಹೊರಗಿಂದ ಸಿಕ್ಕಿಸಿ ಕ್ಲೋನ್ ಮಾಡಿ, ಆಮೇಲೆ ಆಫ್ ಮಾಡಿ ಹಳೇದನ್ನ ಬಿಚ್ಚಿ ಅದೇ ವೈರಿಗೆ ಹೊಸದು ಹಾಕಿ. ಮೊದಲ ಸಲ ಆನ್ ಮಾಡುವಾಗ ಎರಡೂ ಒಟ್ಟಿಗೆ ಇರ್ಬಾರ್ದು. ಹಳೇ ಡಿಸ್ಕನ್ನ ಫಾರ್ಮ್ಯಾಟ್ ಮಾಡ್ದೆ ಒಂದು ಕವರಲ್ಲಿ ಹಾಕಿ ಬೀರುವಲ್ಲಿಡಿ, ನುಡಿ, ಪೇಜ್‌ಮೇಕರ್, ಪ್ರಿಂಟರ್ ಮೂರೂ ಹೊಸದ್ರಲ್ಲಿ ಸರಿಯಾಗಿ ಓಡಿ ಒಂದು ಶ್ರಾವಣ ಕಳೆದ್ಮೇಲೆ ಬೇಕಾದ್ರೆ ಬೇರೆ ಕೆಲ್ಸಕ್ಕೆ ಬಳ್ಸಿ.