ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಓದಿ ಎಂಎ ಎಕನಾಮಿಕ್ಸ್‌ಗೆ ಹೋದರೆ ಗಣಿತ ಎಷ್ಟು ಬೇಕಾಗುತ್ತೆ?

ಎಚ್‌ಇಪಿ_ಫೈನಲ್
ಬಿಎ ಕೊನೆ ವರ್ಷ, ಕನ್ನಡ ಮಾಧ್ಯಮ. ಪಿಯುಸಿಯಲ್ಲೂ ಗಣಿತ ಇರಲಿಲ್ಲ. ಮೈಸೂರು ವಿವಿಯ ಮಾನಸಗಂಗೋತ್ರಿಯಲ್ಲಿ ಎಂಎ ಸೇರುವುದಾ, ಇಲ್ಲ ಸಿಯುಇಟಿ ಪಿಜಿ (ಕೇಂದ್ರೀಯ ವಿವಿಗಳ ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಬರೆದು ಹೈದರಾಬಾದ್, ಜೆಎನ್‌ಯು, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಡೆ ನೋಡುವುದಾ? ಗಣಿತ ಎಲ್ಲಿಂದ ಶುರು ಮಾಡಲಿ?

ಸೀಮಾಂತ
ಎಲ್ಲಿ ಸೇರಿದರೂ ಗಣಿತ ತಪ್ಪಲ್ಲ, ಪ್ರಮಾಣ ಬೇರೆ ಅಷ್ಟೇ. ದ್ವಿತೀಯ ಪಿಯು ಗಣಿತ ಪುಸ್ತಕ ತಗೊಳ್ಳಿ. ಅದರಲ್ಲಿ ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ಡೆರಿವೇಟಿವ್ ಮತ್ತು ಅದರ ಅನ್ವಯ, ಪ್ರಾಬಬಿಲಿಟಿ ಮಾಡಿ. ವೆಕ್ಟರ್, ತ್ರಿವಿಮ ರೇಖಾಗಣಿತ ಸದ್ಯಕ್ಕೆ ಬೇಡ. ಪಾರ್ಷಿಯಲ್ ಡೆರಿವೇಟಿವ್ (ಉಳಿದದ್ದನ್ನು ಹಾಗೇ ಇಟ್ಟು ಒಂದೇ ಚರವನ್ನು ಬದಲಿಸಿ ತೆಗೆಯುವುದು) ಆ ಪುಸ್ತಕದಲ್ಲಿಲ್ಲ, ಅದನ್ನು ಬೇರೆ ಕಡೆ ಕಲಿಯಬೇಕು. ಅದಿಲ್ಲದೆ ಮೈಕ್ರೋ ಒಂದು ಹೆಜ್ಜೆ ಮುಂದೆ ಹೋಗಲ್ಲ.

ಒಂದು ಲೆಕ್ಕ ನೋಡಿ. ತುಷ್ಟಿಗುಣ (ಯುಟಿಲಿಟಿ, ಅಂದರೆ ಕೊಂಡದ್ದರಿಂದ ಸಿಗುವ ತೃಪ್ತಿ) u = xy. x ಬೆಲೆ 2 ರೂ., y ಬೆಲೆ 5 ರೂ., ಆದಾಯ 100 ರೂ. ಲಗ್ರಾಂಜ್ ವಿಧಾನ (ಬಜೆಟ್ ಮಿತಿಯೊಳಗೆ u ಗರಿಷ್ಠ ಮಾಡುವುದು, λ ಅದರ ಗುಣಕ) ಹಾಕಿದರೆ y = 2λ, x = 5λ. ಬಜೆಟ್ ಸಮೀಕರಣಕ್ಕೆ ಹಾಕಿ: 20λ = 100, λ = 5. ಅಂದರೆ x = 25, y = 10, u = 250. ಬಹಳಷ್ಟು ಜನ ಇಲ್ಲಿಗೇ ನಿಲ್ಲಿಸುತ್ತಾರೆ. λ = 5 ಅಂದರೆ ಏನು ಅಂತ ಪರೀಕ್ಷೆಯಲ್ಲಿ ಕೇಳಿದರೆ ಉತ್ತರವಿಲ್ಲ. ಆದಾಯ 101 ಮಾಡಿ ನೋಡಿ, u 255.025 ಆಗುತ್ತೆ. ಇನ್ನೊಂದು ರೂಪಾಯಿ ಸಿಕ್ಕರೆ ತುಷ್ಟಿಗುಣ ಸುಮಾರು 5 ಏರುತ್ತೆ, λ ಹೇಳುತ್ತಿರುವುದು ಅದನ್ನೇ.

ಈಗ u = x + y ಅಂತ ಬದಲಿಸಿ. ಅದೇ ವಿಧಾನ ಹಿಡಿದರೆ 1 = 2λ, 1 = 5λ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಇಲ್ಲಿ ಔದಾಸೀನ್ಯ ವಕ್ರರೇಖೆ (ಒಂದೇ ತುಷ್ಟಿಗುಣ ಕೊಡುವ x, y ಜೋಡಿಗಳ ರೇಖೆ) ವಕ್ರವೇ ಅಲ್ಲ, ನೇರ ಗೆರೆ. ಹಾಗಾಗಿ ಉತ್ತರ ಬಜೆಟ್ ರೇಖೆಯ ತುದಿಯಲ್ಲಿರುತ್ತೆ: ಅಗ್ಗದ x ಅನ್ನೇ 50 ಕೊಳ್ಳುವುದು. ಚಿತ್ರ ಬರೆಯದೆ ಸೂತ್ರಕ್ಕೆ ಕೈ ಹಾಕುವವರನ್ನು ಬೀಳಿಸಲೆಂದೇ ಪ್ರವೇಶ ಪರೀಕ್ಷೆಗಳಲ್ಲಿ ಇಂಥದ್ದು ಬರುತ್ತೆ.

ನಾಡಕಚೇರಿ_ಕ್ಯೂ
ಸಿಯುಇಟಿ ಪಿಜಿಯಲ್ಲಿ ಎಕನಾಮಿಕ್ಸ್ ಕೋಡ್ ಸಿಒಕ್ಯುಪಿ10. 75 ಪ್ರಶ್ನೆ, 300 ಅಂಕ. 2025ರಲ್ಲಿ ಸಮಯ 90 ನಿಮಿಷ, ಅಂದರೆ ಪ್ರಶ್ನೆಗೆ 72 ಸೆಕೆಂಡ್. ಸರಿಗೆ 4, ತಪ್ಪಿಗೆ ಒಂದು ಅಂಕ ಕಡಿತ. ನೆಗೆಟಿವ್ ಮಾರ್ಕಿಂಗ್ ಅಂತ ಹೆದರಿ ಅರ್ಧ ಪತ್ರಿಕೆ ಖಾಲಿ ಬಿಡಬೇಡಿ. ನಾಲ್ಕು ಆಯ್ಕೆಯಲ್ಲಿ ಒಂದು ಖಚಿತವಾಗಿ ತಪ್ಪು ಅಂತ ಗೊತ್ತಾದರೂ ಸಾಕು, ಉಳಿದ ಮೂರರಲ್ಲಿ ಊಹಿಸಿದರೆ ಸರಾಸರಿ 0.67 ಅಂಕ ಲಾಭ. (ಇದೂ ಪ್ರಾಬಬಿಲಿಟಿ ಅಧ್ಯಾಯದ್ದೇ ಲೆಕ್ಕ.)

ಓದಿನಷ್ಟೇ ಮುಖ್ಯ ಇನ್ನೊಂದಿದೆ. ರಾಜ್ಯದ 2ಎ, 3ಬಿ ಜಾತಿ-ಆದಾಯ ಪತ್ರ ಕೇಂದ್ರೀಯ ವಿವಿಗಳಲ್ಲಿ ನಡೆಯಲ್ಲ. ಅಲ್ಲಿ ಕೇಳುವುದು ಕೇಂದ್ರದ ನಮೂನೆಯ ಒಬಿಸಿ-ಎನ್‌ಸಿಎಲ್ (ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ) ಪತ್ರ. ಎರಡರ ಪಟ್ಟಿಯೂ ಒಂದೇ ಅಲ್ಲ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ, ಆಮೇಲೆ ನಾಡಕಚೇರಿಗೆ ಅರ್ಜಿ ಹಾಕಿ. ಅರ್ಜಿ ತುಂಬುವಾಗ ಹಳೆ ಪತ್ರ ನಡೆದರೂ, ಸೀಟು ಸಿಕ್ಕಾಗ ಸಾಮಾನ್ಯವಾಗಿ ಏಪ್ರಿಲ್ 1ರ ನಂತರದ್ದೇ ಬೇಕು ಅಂತಾರೆ. ಸೀಟು ಹಂಚಿಕೆ ಪಟ್ಟಿ ಪ್ರಕಟವಾದ ಮೇಲೆ ಓಡಾಡಲು ಸಿಗುವುದು ಕೆಲವೇ ದಿನ.

ಎಚ್‌ಇಪಿ_ಫೈನಲ್
ಧನ್ಯವಾದ ಸರ್. ಮೈಸೂರಿನಲ್ಲೇ ಸೇರಿ ಕನ್ನಡದಲ್ಲಿ ಬರೆದರೆ ಮುಂದೆ ತೊಂದರೆ ಆಗುತ್ತಾ?

ಚಳಕಾಂಕ
ಮುಂದೆ ಏನು ಮಾಡುತ್ತೀರಿ ಅನ್ನುವುದರ ಮೇಲಿದೆ. ಯುಜಿಸಿ ನೆಟ್‌ಗೆ (ಅಧ್ಯಾಪಕ ಹುದ್ದೆ, ಸಂಶೋಧನೆಯ ಅರ್ಹತಾ ಪರೀಕ್ಷೆ) ಎಂಎನಲ್ಲಿ ಶೇ. 55 (ಎಸ್‌ಸಿ, ಎಸ್‌ಟಿ, ಒಬಿಸಿ-ಎನ್‌ಸಿಎಲ್‌ಗೆ ಶೇ. 50) ಇದ್ದರಾಯಿತು. ಅದು ಬಹು ಆಯ್ಕೆ ಪರೀಕ್ಷೆ, ಇಂಗ್ಲಿಷ್ ಓದಿ ಅರ್ಥವಾದರೆ ಸಾಕು, ಬರೆಯುವ ಕೆಲಸವಿಲ್ಲ. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂ.

ಭಾರತೀಯ ಆರ್ಥಿಕ ಸೇವೆ, ಅಂದರೆ ಯುಪಿಎಸ್‌ಸಿಯ ಐಇಎಸ್, ಬೇರೆಯೇ ಕಥೆ. ಲಿಖಿತ ಪರೀಕ್ಷೆ 1000 ಅಂಕ, ಸಂದರ್ಶನ 200. ಉತ್ತರವೆಲ್ಲ ಇಂಗ್ಲಿಷ್‌ನಲ್ಲೇ ಬರೆಯಬೇಕು. ಆ ದಾರಿ ಮನಸ್ಸಿನಲ್ಲಿದ್ದರೆ ತರಗತಿಯಲ್ಲಿ ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಇಂಟರ್ನಲ್ಸ್‌ನಿಂದಲೇ ಇಂಗ್ಲಿಷ್‌ನಲ್ಲಿ ಬರೆಯಿರಿ. ಕೊನೇ ಸೆಮಿಸ್ಟರ್‌ನಲ್ಲಿ ಭಾಷೆ ಬದಲಿಸಿದರೆ ಗೊತ್ತಿರುವ ವಿಷಯವೂ ಪುಟದ ಮೇಲೆ ಇಳಿಯಲ್ಲ.

ಸೀಮಾಂತ
ಜೆಎನ್‌ಯು ಬಗ್ಗೆ ಒಂದು ಸೇರಿಸುತ್ತೇನೆ. ಅಲ್ಲಿನ ಸಿಇಎಸ್‌ಪಿಯಲ್ಲಿ (ಆರ್ಥಿಕ ಅಧ್ಯಯನ ಮತ್ತು ಯೋಜನಾ ಕೇಂದ್ರ) ರಾಜಕೀಯ ಅರ್ಥಶಾಸ್ತ್ರಕ್ಕೆ ಒಳ್ಳೆ ಜಾಗವಿದೆ, ನಿಮ್ಮ ಇತಿಹಾಸದ ಓದು ವ್ಯರ್ಥವಾಗಲ್ಲ. ಗುಲಬರ್ಗಾ ಕಡೆಯವರಾದರೆ ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿವಿಯನ್ನೂ ಅದೇ ಸಿಯುಇಟಿ ಅರ್ಜಿಯಲ್ಲಿ ಸೇರಿಸಿ. ಗಂಗೋತ್ರಿ ಅರ್ಜಿಯನ್ನಂತೂ ಬಿಡಬೇಡಿ, ಎರಡಕ್ಕೂ ಹಾಕಿ.