ಮೊದಲ ಗನ್, ಮೊದಲ ಸಲ ರೇಂಜ್: ಏನು ತೆಗೆದುಕೊಳ್ಳಬೇಕು, ಏನು ನೋಡಿಕೊಳ್ಳಬೇಕು?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಕಾಗದಪತ್ರ ಎಲ್ಲ ಮುಗಿದು ಮೊದಲ ಪಿಸ್ತೂಲು ಕೈಗೆ ಬಂದಿದೆ, 9 ಎಂಎಂ. ಇನ್ನೇನು ಗುಂಡು ಹಾರಿಸುವ ಅಭ್ಯಾಸದ ಜಾಗಕ್ಕೆ, ಅಂದರೆ ರೇಂಜ್‌ಗೆ ಹೋಗಬೇಕು. ಆದರೆ ಅಂಗಡಿಯಲ್ಲಿ ಇಟ್ಟಿರುವ ಸಾಮಾನು ನೋಡಿದರೆ ತಲೆ ಕೆಡುತ್ತದೆ. ಅದರಲ್ಲಿ ಮೊದಲ ದಿನವೇ ಬೇಕಾದದ್ದು ಯಾವುದು, ಆಮೇಲೆ ತೆಗೆದುಕೊಂಡರೂ ನಡೆಯುವುದು ಯಾವುದು? ಹೊಸಬರು ರೇಂಜ್‌ನಲ್ಲಿ ಎಲ್ಲಿ ಎಡವುತ್ತಾರೆ? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ:

ಹೋಗುವ ಮುಂಚೆ ಕೇಳಿದ್ದು ತುಂಬ ಒಳ್ಳೆಯದಾಯಿತು. ದುಡ್ಡು ಮೊದಲು ಕಿವಿಗೆ, ಕಣ್ಣಿಗೆ ಹಾಕಿ. ಲೇಸರ್, ಟಾರ್ಚ್, ಹತ್ತು ಜೇಬಿನ ಬ್ಯಾಗು ಎಲ್ಲ ಆಮೇಲೆ ಬರಲಿ.

ಗನ್ ಸದ್ದು ಸಾಮಾನ್ಯವಾಗಿ 140ರಿಂದ 170 ಡೆಸಿಬಲ್ ಇರುತ್ತದೆ. ಅಷ್ಟು ಜೋರಿನ ಸದ್ದು ಒಂದೇ ಏಟಿಗೆ ಕಿವಿಯನ್ನು ಕಾಯಂ ಆಗಿ ಕೆಡಿಸಬಲ್ಲದು. ಒಳಕಿವಿಯ ಸೂಕ್ಷ್ಮ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ, ಆಮೇಲೆ ಉಳಿಯುವುದು ಕಿವಿಯೊಳಗಿನ ಗುಂಯ್ ಸದ್ದು ಮಾತ್ರ. ಹಾಗಾಗಿ ಫೋಮ್ ಪ್ಲಗ್ ಒಳಗೆ, ಅದರ ಮೇಲೆ ಇಯರ್ ಮಫ್, ಎರಡೂ ಹಾಕಿ. ಗೋಡೆ, ಚಾವಣಿ ಇರುವ ಒಳಾಂಗಣ ರೇಂಜ್ ಆದರೆ ಇದು ಬೇಕೇ ಬೇಕು. ಸದ್ದು ಎಷ್ಟು ತಗ್ಗಿಸುತ್ತದೆ ಎನ್ನುವ ಎರಡರ ರೇಟಿಂಗ್ ಕೂಡಿಸಿ ಲೆಕ್ಕ ಹಾಕಬೇಡಿ, ಎರಡನೆಯದರಿಂದ ಸಿಗುವುದು ಐದಾರು ಡೆಸಿಬಲ್ ಹೆಚ್ಚುವರಿ ರಕ್ಷಣೆ ಅಷ್ಟೇ. ಆ ಐದಾರು ಕೂಡ ಬೇಕು.

ಪ್ಲಗ್ ಸರಿಯಾಗಿ ಹಾಕಿಕೊಳ್ಳುವವರು ಕಡಿಮೆ. ಬೆರಳಲ್ಲಿ ಉರುಟಿ ಬತ್ತಿಯಷ್ಟು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ, ಅದು ಉಬ್ಬುವ ತನಕ ಬೆರಳಲ್ಲಿ ಹಿಡಿದಿರಬೇಕು. ಕನ್ನಡಿಯಲ್ಲಿ ಎದುರಿನಿಂದ ನೋಡಿದಾಗ ಪ್ಲಗ್ ಹೊರಗೆ ಚಾಚಿಕೊಂಡು ಕಂಡರೆ ಅದು ಒಳಗೆ ಹೋಗಿಲ್ಲ ಎಂದೇ ಅರ್ಥ. ಎಲೆಕ್ಟ್ರಾನಿಕ್ ಮಫ್ ಕೈಗೆಟುಕಿದರೆ ಅದನ್ನೇ ತೆಗೆದುಕೊಳ್ಳಿ. ಮಾತು ಕೇಳಿಸುತ್ತದೆ, ಗುಂಡಿನ ಸದ್ದು ಬಂದಾಗ ತಡೆಯುತ್ತದೆ. ರೇಂಜ್ ಆಫೀಸರ್ (ಅಲ್ಲಿನ ಸುರಕ್ಷತೆ ನೋಡಿಕೊಳ್ಳುವವರು) ಕೂಗಿದ್ದು ಕೇಳಿಸುವುದೂ ಸುರಕ್ಷತೆಯ ಭಾಗವೇ ಅಲ್ವಾ?

ಕನ್ನಡಕ ಪಕ್ಕದಿಂದಲೂ ಮುಚ್ಚುವಂಥದ್ದು ಇರಲಿ, ಅದರ ಮೇಲೆ ಝಡ್87.1 ಅಥವಾ ಇಎನ್166 ಎಂಬ ಸುರಕ್ಷತಾ ಮಾನದಂಡದ ಗುರುತು ಇದೆಯೇ ನೋಡಿ. ಓದುವ ಕನ್ನಡಕ ಇದಕ್ಕೆ ಸಾಲದು. ನಂಬರ್ ಇದ್ದವರು ಅದರ ಮೇಲೆ ಕೂರುವ ದೊಡ್ಡ ಕನ್ನಡಕ ಹಾಕಿಕೊಳ್ಳಬಹುದು. ಕಡ್ಡಿ ತೆಳ್ಳಗಿರಲಿ, ದಪ್ಪ ಕಡ್ಡಿ ಮಫ್‌ನ ಮೆತ್ತೆಯನ್ನು ಎತ್ತಿ ಹಿಡಿಯುತ್ತದೆ, ಆ ಸಂದಿಯಲ್ಲೇ ಸದ್ದು ಒಳಗೆ ಬರುತ್ತದೆ.

ಇನ್ನು ಬಟ್ಟೆ. ಕುತ್ತಿಗೆ ಮುಚ್ಚುವ ಅಂಗಿ, ಮುಂದೆ ಚಾಚಿದ ಟೋಪಿ, ಪಾದ ಪೂರ್ತಿ ಮುಚ್ಚುವ ಶೂ. ಪಿಸ್ತೂಲಿನಿಂದ ಹಾರಿ ಬರುವ ಖಾಲಿ ತೋಟಾ ಸುಡುಸುಡು ಇರುತ್ತದೆ, ಅದು ಅಂಗಿಯೊಳಗೆ ಬಿದ್ದರೆ ಮನುಷ್ಯ ಕುಣಿಯುತ್ತಾನೆ. ಕೈಯಲ್ಲಿ ಗನ್ ಇದೆ, ಬೆರಳು ಟ್ರಿಗರ್ ಮೇಲಿದೆ, ಆಗ ಕುಣಿದರೆ ನಳಿಗೆ ಯಾವ ಕಡೆ ತಿರುಗುತ್ತದೆ ಯೋಚಿಸಿ. ಸುಟ್ಟರೆ ಸುಡಲಿ. ಬೆರಳು ಹೊರಗೆ ತೆಗೆದು, ನಳಿಗೆ ಟಾರ್ಗೆಟ್ ಕಡೆಗೇ ಇಟ್ಟು, ಗನ್ ಮೇಜಿನ ಮೇಲಿಟ್ಟು, ಆಮೇಲೆ ಅಂಗಿ ಕೊಡವಿಕೊಳ್ಳಿ. ಗನ್ ಕೈಜಾರಿ ಬಿದ್ದರೂ ಹೀಗೆಯೇ, ಹಿಡಿಯಲು ಹೋಗಬೇಡಿ. ಗಾಳಿಯಲ್ಲಿ ಹಿಡಿಯುವ ಕೈ ಟ್ರಿಗರ್ ಮೇಲೇ ಬೀಳಬಹುದು.

ಈಗ ಮುಖ್ಯ ವಿಷಯ. ಹೊಸಬರ ಗಮನವೆಲ್ಲ ಗುಂಡು ಹಾರಿಸುವ ಕ್ಷಣದ ಮೇಲಿರುತ್ತದೆ. ನಾನು ರೇಂಜ್‌ನಲ್ಲಿ ಕಂಡ ಗಾಬರಿಯ ಗಳಿಗೆಗಳೆಲ್ಲ ಹಾರಿಸದೇ ಇರುವಾಗ ಆದಂಥವು: ಗುಂಡು ತುಂಬುವಾಗ, ಖಾಲಿ ಮಾಡುವಾಗ, ಜಾಮ್ ಆದಾಗ. ಎಲ್ಲಕ್ಕಿಂತ ಜಾಸ್ತಿ, ಒಂದು ಗುಂಡು ನಡುವಿಗೆ ಬಿದ್ದ ಖುಷಿಗೆ ಹಿಂದೆ ನಿಂತ ಗೆಳೆಯನನ್ನು ನೋಡಲು ತಿರುಗಿದಾಗ. ತಲೆ ತಿರುಗಿದರೆ ಭುಜ ತಿರುಗುತ್ತದೆ, ಭುಜದ ಹಿಂದೆ ಕೈ ಬರುತ್ತದೆ, ಪಿಸ್ತೂಲು ಚಿಕ್ಕದು, ಕ್ಷಣದಲ್ಲಿ ಇಡೀ ಸಾಲಿನವರ ಹೊಟ್ಟೆಯ ಮೇಲೆ ಹಾದು ಹೋಗುತ್ತದೆ. ತಿರುಗಬೇಕೆನಿಸಿದರೆ ಮೊದಲು ಗನ್ ಕೆಳಗಿಡಿ, ಕೈ ಬಿಡಿ, ಆಮೇಲೆ ತಿರುಗಿ. ಫೋಟೊ ತೆಗೆಯುವವರಿದ್ದರೆ ಹಿಂದಿನಿಂದಲೇ ತೆಗೆಯಲಿ.

ಅಮೆರಿಕದ ಶೂಟಿಂಗ್ ಶಿಕ್ಷಕ ಜೆಫ್ ಕೂಪರ್ ಪ್ರಚಾರ ಮಾಡಿದ ನಾಲ್ಕು ನಿಯಮಗಳನ್ನು ಇಂದಿಗೂ ಎಲ್ಲ ಕಡೆ ಕಲಿಸುತ್ತಾರೆ. ಯಾವ ಗನ್ ಆದರೂ ತುಂಬಿದೆ ಎಂದೇ ತಿಳಿಯಿರಿ. ಹಾಳುಮಾಡಲು ಮನಸ್ಸಿಲ್ಲದ ಯಾವುದರ ಕಡೆಗೂ ನಳಿಗೆ ತೋರಿಸಬೇಡಿ. ಗುರಿ ಹಿಡಿಯುವ ತನಕ ಬೆರಳು ಟ್ರಿಗರ್ ಹೊರಗಿರಲಿ. ಗುರಿ ಯಾವುದು, ಅದರ ಹಿಂದೆ ಏನಿದೆ ಎರಡೂ ಗೊತ್ತಿರಲಿ. ಬಾಯಿಪಾಠ ಅರ್ಧ ಗಂಟೆಯಲ್ಲಿ ಬರುತ್ತದೆ, ಕೈಗೆ ಬರಲು ಸಮಯ ಬೇಕು. ಮನೆಯಲ್ಲಿ ಖಾಲಿ ಗನ್ ಕೈಗೆತ್ತಿಕೊಂಡಾಗಲೆಲ್ಲ ತೋರುಬೆರಳು ನೆಟ್ಟಗೆ ಫ್ರೇಮ್ (ಗನ್ನಿನ ಮೈ) ಪಕ್ಕಕ್ಕೆ ಹೋಗಿ ಕೂರುತ್ತಿದೆಯೇ ನೋಡಿ. ಯೋಚಿಸದೆ ಹೋಗುವ ತನಕ ಅಭ್ಯಾಸ ಮಾಡಿ.

ಉತ್ತರ:

ಮೇಲೆ ಬರೆದದ್ದೆಲ್ಲ ಸರಿ, ಗನ್ ಖಾಲಿ ಮಾಡುವುದರ ಬಗ್ಗೆ ನಾನು ಸೇರಿಸುತ್ತೇನೆ. ಅಲ್ಲೇ ಜನ ಎಡವುವುದು.

ಮ್ಯಾಗಜೀನ್ (ತೋಟಾ ತುಂಬಿಡುವ ಪೆಟ್ಟಿಗೆ) ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿ ಆಗಲಿಲ್ಲ. ಚೇಂಬರ್‌ನಲ್ಲಿ, ಅಂದರೆ ಹಾರಿಸಲು ತೋಟಾ ಕೂರುವ ನಳಿಗೆಯ ಹಿಂಬದಿಯಲ್ಲಿ, ಇನ್ನೊಂದು ತೋಟಾ ಕೂತಿರಬಹುದು. ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲ್ಭಾಗದ ಜಾರುವ ತುಂಡು) ಎಳೆಯುವುದು. ಈ ಕ್ರಮ ತಿರುವುಮುರುವಾದರೆ, ಅಂದರೆ ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜೀನ್ ತೆಗೆದರೆ, ಸ್ಲೈಡ್ ಮುಂದೆ ಹೋಗುವಾಗ ಮೇಲಿನ ತೋಟಾವನ್ನು ಎತ್ತಿಕೊಂಡು ಚೇಂಬರ್‌ಗೆ ಸೇರಿಸಿಬಿಡುತ್ತದೆ. ಕೈಯಲ್ಲಿ ಮ್ಯಾಗಜೀನ್ ಇದೆ, ನೆಲದ ಮೇಲೆ ಒಂದು ತೋಟಾ ಬಿದ್ದಿದೆ, ನೋಡಿದವರಿಗೆಲ್ಲ ಖಾಲಿ ಅನ್ನಿಸುತ್ತದೆ, ಗನ್ ಮಾತ್ರ ತುಂಬಿಯೇ ಇದೆ. ಅದಕ್ಕೇ ಸ್ಲೈಡ್ ಹಿಂದಕ್ಕೆ ಲಾಕ್ ಮಾಡಿ, ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಿ. ಯಾರಾದರೂ "ಖಾಲಿ ಇದೆ ತಗೊಳ್ಳಿ" ಎಂದು ಕೊಟ್ಟರೂ ನೀವೇ ನೋಡಿ. ಅವರಿಗೆ ಬೇಜಾರಾಗುವುದಿಲ್ಲ. ತಿಳಿದವರು ಅದನ್ನು ನೋಡಿ ನಿಮ್ಮ ಮೇಲೆ ನಂಬಿಕೆ ಇಡುತ್ತಾರೆ.

ಬಣ್ಣದ ಚೇಂಬರ್ ಫ್ಲ್ಯಾಗ್ ಒಂದು ತೆಗೆದುಕೊಳ್ಳಿ. ಚೇಂಬರ್ ಒಳಗೆ ಸಿಕ್ಕಿಸುವ ಪ್ಲಾಸ್ಟಿಕ್ ತುಂಡು ಅಷ್ಟೇ, ಆದರೆ ದೂರದಿಂದಲೇ ಗನ್ ಖಾಲಿ ಎಂದು ತೋರಿಸುತ್ತದೆ. ಜನ ಟಾರ್ಗೆಟ್ ಬದಲಿಸಲು ಮುಂದೆ ಹೋದಾಗ ಮೇಜಿನ ಮೇಲಿನ ಯಾವುದನ್ನೂ ಮುಟ್ಟಬೇಡಿ. ಮ್ಯಾಗಜೀನ್ ತುಂಬುವುದೂ ಬೇಡ, ಒರೆಸುವುದೂ ಬೇಡ, ಒಂದು ಹೆಜ್ಜೆ ಹಿಂದೆ ನಿಂತುಬಿಡಿ. ಮತ್ತೆ "ಸೀಸ್ ಫೈರ್" (ಹಾರಿಸುವುದು ನಿಲ್ಲಿಸಿ) ಎಂದು ಕೂಗುವ ಹಕ್ಕು ಅಲ್ಲಿರುವ ಪ್ರತಿಯೊಬ್ಬರಿಗೂ ಇದೆ, ಮೊದಲ ದಿನದ ನಿಮಗೂ. ಯಾರೋ ಸಾಲು ದಾಟಿ ಮುಂದೆ ಹೋಗುತ್ತಿದ್ದರೆ ಹೊಸಬ ಅಂತ ಸಂಕೋಚಪಟ್ಟು ಸುಮ್ನೆ ಇರಬೇಡಿ, ಕೂಗಿಬಿಡಿ.

ಮೊದಲ ಸಲ ಮ್ಯಾಗಜೀನ್‌ಗೆ ಒಂದೇ ತೋಟಾ ಹಾಕಿ. ಗನ್ ಎಷ್ಟು ಒದೆಯುತ್ತದೆ ಎಂದು ಕೈಗೆ ತಿಳಿಯುವ ಮುಂಚೆ ಎರಡನೆಯದು ಅದರಲ್ಲಿ ಇರಬಾರದು. ಬೆಚ್ಚಿ ಬಿಗಿ ಹಿಡಿದಾಗ ಬೆರಳು ತಾನಾಗಿ ಇನ್ನೊಮ್ಮೆ ಎಳೆದುಬಿಡುತ್ತದೆ. ಎಡಗೈ ಹೆಬ್ಬೆರಳು ಸ್ಲೈಡ್ ಹಿಂದೆ ಅಡ್ಡ ಬರದ ಹಾಗೆ ನೋಡಿಕೊಳ್ಳಿ, ಹಿಂದಕ್ಕೆ ಬರುವ ಸ್ಲೈಡ್ ಚರ್ಮ ಕಿತ್ತು ಹಾಕುತ್ತದೆ. ಯಾರಾದರೂ ರಿವಾಲ್ವರ್ ಕೊಟ್ಟರೆ ಅದರಲ್ಲಿ ತೋಟಾ ತುಂಬುವ, ತಿರುಗುವ ಸಿಲಿಂಡರ್‌ನ ಮುಂದೆ ಬೆರಳು ಇಡಬೇಡಿ. ಅದಕ್ಕೂ ನಳಿಗೆಗೂ ನಡುವಿನ ಸಂದಿಯಿಂದ ಬರುವ ಬಿಸಿ ಗಾಳಿಗೆ ಬೆರಳು ಸುಡುತ್ತದೆ, ದೊಡ್ಡ ರಿವಾಲ್ವರ್ ಆದರೆ ಅದಕ್ಕಿಂತ ಕೆಟ್ಟದ್ದೂ ಆಗಬಹುದು.

ಹೋಲ್‌ಸ್ಟರ್ (ಗನ್ ಸಿಕ್ಕಿಸಿಕೊಳ್ಳುವ ಸೊಂಟದ ಒರೆ) ಸದ್ಯಕ್ಕೆ ಬೇಡ. ಬೇಕೆಂದಾಗ ಟ್ರಿಗರ್ ಪೂರ್ತಿ ಮುಚ್ಚುವ, ಬಾಯಿ ಮಡಿಸಿಕೊಳ್ಳದ ಗಟ್ಟಿ ಹೋಲ್‌ಸ್ಟರ್ ತೆಗೆದುಕೊಳ್ಳಿ. ಮೆತ್ತಗಾದ ಹಳೆ ಚರ್ಮವಾಗಲಿ, ಜಾಕೆಟ್ ದಾರದ ತುದಿಯಾಗಲಿ ಟ್ರಿಗರ್ ಗಾರ್ಡ್ ಒಳಗೆ ಸಿಕ್ಕಿದರೆ, ಗನ್ ಒಳಗೆ ತಳ್ಳುವಾಗಲೇ ಗುಂಡು ಹಾರಬಹುದು.

ಪ್ರಶ್ನೆ ಕೇಳಿದವರು:

ಇಷ್ಟು ವಿವರವಾಗಿ ಹೇಳಿದ್ದಕ್ಕೆ ತುಂಬ ಧನ್ಯವಾದ. ಒಂದು ಅನುಮಾನ ಇದೆ. ಟ್ರಿಗರ್ ಎಳೆದೆ, ಗುಂಡು ಹಾರಲಿಲ್ಲ. ಆಗ ಏನು ಮಾಡಬೇಕು? ತಕ್ಷಣ ತೆರೆದು ನೋಡಬಹುದಾ?

ಉತ್ತರ:

ತಕ್ಷಣ ಬೇಡ. ಕೆಲವು ಸಲ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ನಳಿಗೆ ಟಾರ್ಗೆಟ್ ಕಡೆಗೇ ಹಿಡಿದು, ಬೆರಳು ತೆಗೆದು, 30 ಸೆಕೆಂಡಾದರೂ ಕಾಯಿರಿ. ನಿಮ್ಮ ರೇಂಜ್‌ನವರು ಇನ್ನೂ ಜಾಸ್ತಿ ಕಾಯಿರಿ ಎಂದರೆ ಅಷ್ಟೇ ಕಾಯಿರಿ. ಕೈಯೆತ್ತಿ ರೇಂಜ್ ಆಫೀಸರನ್ನು ಕರೆಯಿರಿ. ಹೊಸಬರು ಜಾಮ್ ಬಿಡಿಸಲು ಹೋದಾಗ ಗನ್‌ನ್ನು ಹತ್ತಿರ ತಂದು, ಅಡ್ಡ ತಿರುಗಿಸಿ, ಮುಖ ಬಗ್ಗಿಸಿ ನೋಡುತ್ತಾರೆ. ಅದೇ ಅಪಾಯ. ಏನೇ ಆದರೂ ನಳಿಗೆಯ ದಿಕ್ಕು ಬದಲಾಗಬಾರದು.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಡಬ್ ಎನ್ನುವ ಬದಲು ಪುಸ್ ಎಂದು ಸದ್ದು ಬಂದು ಒದೆತವೇ ಇಲ್ಲದಿದ್ದರೆ ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು. ಇದಕ್ಕೆ ಸ್ಕ್ವಿಬ್ ಎನ್ನುತ್ತಾರೆ. ತೋಟಾದಲ್ಲಿ ಮದ್ದು ಕಡಿಮೆ ಇದ್ದಾಗ ಅಥವಾ ಇಲ್ಲವೇ ಇಲ್ಲದಾಗ ಹೀಗಾಗುತ್ತದೆ. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದರೆ ನಳಿಗೆ ಉಬ್ಬುತ್ತದೆ ಇಲ್ಲವೇ ಸಿಡಿಯುತ್ತದೆ. ಸದ್ದು, ಒದೆತ ಎಂದಿನಂತೆ ಇಲ್ಲ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ನಿಧಾನಕ್ಕೆ ಹಾರಿಸಿ ಎಂದು ಹೊಸಬರಿಗೆ ನಾವು ಹೇಳುವುದಕ್ಕೆ ಇದೂ ಒಂದು ಕಾರಣ, ಬಡಬಡ ಹಾರಿಸುವವರಿಗೆ ವ್ಯತ್ಯಾಸ ಗೊತ್ತಾಗುವ ಮುಂಚೆ ಮುಂದಿನದು ಹೋಗಿಯೇ ಬಿಟ್ಟಿರುತ್ತದೆ.

ತೋಟಾ ತೆಗೆದುಕೊಳ್ಳುವಾಗ ಡಬ್ಬಿ ಮೇಲಿರುವುದೂ ನಳಿಗೆ ಮೇಲೆ ಕೊರೆದಿರುವುದೂ ಒಂದೇ ಇರಬೇಕು. ಹತ್ತಿರ ಹತ್ತಿರದ ಅಳತೆ ನಡೆಯುವುದಿಲ್ಲ. 20 ಗೇಜ್ ಶಾಟ್‌ಗನ್ ತೋಟಾಗಳಿಗೆ ಹಳದಿ ಬಣ್ಣ ಕೊಟ್ಟಿರುವುದು ಇದೇ ಕಾರಣಕ್ಕೆ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತೋಟಾ ಸಣ್ಣದು). ಅದು 12 ಗೇಜ್ ಗನ್‌ನೊಳಗೆ ಜಾರಿ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ, ಹಿಂದೆ ನೋಡಿದರೆ ಚೇಂಬರ್ ಖಾಲಿ, ಅದರ ಹಿಂದೆ ಸರಿಯಾದ 12 ಗೇಜ್ ತೋಟಾ ಹಾಕಿ ಹಾರಿಸಿದರೆ ಗನ್ ಕೈಯಲ್ಲೇ ಸಿಡಿಯುತ್ತದೆ. ಹಾಗಾಗಿ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಅಳತೆಯ ತೋಟಾ ಇರಲಿ.

ಇನ್ನು "ಸಣ್ಣ .22 ಅಲ್ವಾ, ಏನಾಗುತ್ತದೆ" ಎನ್ನುವವರನ್ನು ನಂಬಬೇಡಿ. ಅದರ ಡಬ್ಬಿಯ ಮೇಲೆಯೇ ಒಂದೂವರೆ ಮೈಲಿ ಹೋಗುತ್ತದೆ ಎಂದು ಬರೆದಿರುತ್ತದೆ, ಅಂದರೆ 2.4 ಕಿಲೊಮೀಟರ್. ಗುಂಡನ್ನು ನಿಲ್ಲಿಸುವ ಮಣ್ಣಿನ ದಿಬ್ಬ ಎದುರಿಗಿಲ್ಲದಿದ್ದರೆ ಹಾರಿಸಲೇಬೇಡಿ.

ಉತ್ತರ:

ಯಾರೂ ಸೀಸದ ಬಗ್ಗೆ ಹೇಳಲಿಲ್ಲ. ಗುಂಡಿನಲ್ಲೂ ಸೀಸ ಇರುತ್ತದೆ, ಹೆಚ್ಚಿನ ತೋಟಾಗಳ ಬುಡದಲ್ಲಿ ಮದ್ದು ಹೊತ್ತಿಸುವ ಪ್ರೈಮರ್‌ನಲ್ಲೂ ಇರುತ್ತದೆ. ಹಾರಿಸಿದಾಗ ಅದು ಹೊಗೆಯಾಗಿ, ಪುಡಿಯಾಗಿ ಕೈ, ಮುಖ, ಬಟ್ಟೆ ಮೇಲೆ ಕೂರುತ್ತದೆ. ರೇಂಜ್‌ನಲ್ಲಿ ತಿನ್ನುವುದು, ಕುಡಿಯುವುದು, ಸಿಗರೇಟು ಸೇದುವುದು ಬೇಡ. ಮುಗಿದ ಕೂಡಲೇ ಸೋಪು ಹಾಕಿ ಕೈ, ಮುಖ ತೊಳೆಯಿರಿ, ಸ್ಯಾನಿಟೈಸರ್ ಸೀಸವನ್ನು ತೆಗೆಯುವುದಿಲ್ಲ. ಆ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ. ಶೂ ಬಾಗಿಲ ಹೊರಗಿರಲಿ, ಬಟ್ಟೆ ಬೇರೆಯಾಗಿ ಒಗೆಯಿರಿ. ಮಕ್ಕಳ ಮೆದುಳಿಗೆ ಸೀಸದಿಂದ ಆಗುವ ಹಾನಿ ದೊಡ್ಡದು. ಬಸುರಿಯರು ರೇಂಜ್‌ನಿಂದ ದೂರ ಇದ್ದರೆ ಒಳ್ಳೆಯದು, ಸದ್ದಿನ ಕಾರಣಕ್ಕೂ, ಸೀಸದ ಕಾರಣಕ್ಕೂ.

ಮನೆಗೆ ಬಂದ ಮೇಲೆ ಕ್ಲೀನ್ ಮಾಡುತ್ತೀರಲ್ಲ, ಆಗ ತೋಟಾಗಳೆಲ್ಲ ಬೇರೆ ಕೋಣೆಯಲ್ಲಿರಲಿ. ಗ್ಲಾಕ್‌ನಂಥ ಕೆಲವು ಪಿಸ್ತೂಲುಗಳನ್ನು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಎಳೆಯಬೇಕಾಗುತ್ತದೆ. ಚೇಂಬರ್ ನೋಡದೆ ಎಳೆದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ನಿಮ್ಮ ಪಿಸ್ತೂಲಿನ ಪುಸ್ತಕ ತೆಗೆದು ಬಿಚ್ಚುವ ಪುಟವನ್ನು ರೇಂಜ್‌ಗೆ ಹೋಗುವ ಮುಂಚೆಯೇ ಓದಿ.

ಬೀಗದ ಪೆಟ್ಟಿಗೆಯನ್ನೂ ಮೊದಲ ದಿನದ ಪಟ್ಟಿಗೆ ಸೇರಿಸಿ, ಮಫ್, ಕನ್ನಡಕದ ಜೊತೆಗೇ. ಗನ್ ಖಾಲಿ ಮಾಡಿ ಅದರಲ್ಲಿಡಿ, ತೋಟಾಗೆ ಬೇರೆ ಬೀಗ. ಬಟ್ಟೆ ಕಪಾಟಿನ ಮೇಲಿನ ಹಲಗೆ ಮಕ್ಕಳಿಗೆ ಸಿಗುವುದಿಲ್ಲ ಎಂದುಕೊಳ್ಳಬೇಡಿ, ಕುರ್ಚಿ ಎಳೆದುಕೊಳ್ಳುವ ವಯಸ್ಸು ಬೇಗ ಬರುತ್ತದೆ. ಟ್ರಿಗರ್ ಲಾಕ್ ಇದ್ದರೆ ಖಾಲಿ ಗನ್‌ಗೆ ಮಾತ್ರ ಹಾಕಿ, ತುಂಬಿದ ಗನ್‌ಗೆ ಹಾಕುವಾಗ ಅದೇ ಟ್ರಿಗರ್ ಒತ್ತಿಬಿಡಬಹುದು. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿ ಕಷ್ಟದಲ್ಲಿದ್ದರೆ, ಅದು ನೀವೇ ಆಗಿದ್ದರೂ, ಅಷ್ಟು ದಿನ ಗನ್ ಮನೆಯಿಂದ ಹೊರಗಿರಲಿ. ನಿಮ್ಮ ಕಡೆಯ ಕಾನೂನಿನಂತೆ ಎಲ್ಲಿ ಇಡಬಹುದು ಎಂದು ಈಗಲೇ ವಿಚಾರಿಸಿಟ್ಟುಕೊಳ್ಳಿ, ಬೇಕಾದಾಗ ಹುಡುಕುತ್ತಾ ಕೂರುವುದು ಬೇಡ.